ತೊಳೆದ ನೀರಿನಲ್ಲಿ ಉಳಿದವು

ಆ ಫೋಟೋ ತೆಗೆದದ್ದು ನಾನೇ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ತೊಂಬತ್ತಾರು ಪುಟ್ಟ ಗುಳಿಗಳು. ಎಡಗಡೆಯ ಗುಳಿಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಬಲಕ್ಕೆ ಹೋದಂತೆ ಬಣ್ಣ ತಿಳಿಯಾಗುತ್ತಾ ಹೋಗಿ, ಕೊನೆಯ ಮೂರು ಸಾಲಿನಲ್ಲಿ ಏನೂ ಇರಲಿಲ್ಲ. ಸತ್ತ ಕೋಶ ತಳ ಬಿಟ್ಟು ತೊಳೆದ ನೀರಿನ ಜೊತೆ ಹೋಗುತ್ತದೆ, ಉಳಿದದ್ದಕ್ಕಷ್ಟೇ ಬಣ್ಣ ಹಿಡಿಯುತ್ತದೆ; ಹಾಗಾಗಿ ಬಣ್ಣ ಇದ್ದಲ್ಲಿ ಕ್ಯಾನ್ಸರ್ ಕೋಶಗಳು ಬದುಕಿವೆ, ಇಲ್ಲದ ಕಡೆ ಸತ್ತಿವೆ ಎಂದು ಅದನ್ನು ಓದಬೇಕು. ಬಲಕ್ಕೆ ಹೋದಷ್ಟೂ ಔಷಧದ ಪ್ರಮಾಣ ಹೆಚ್ಚು. ಫೋಟೋ ಚೆನ್ನಾಗಿ ಬಂದಿತ್ತು. ನಮ್ಮ ಲ್ಯಾಬಿನ ಮುಖ್ಯಸ್ಥರಿಗೆ ವಾಟ್ಸಾಪ್ ಮಾಡಿದೆ, ಅವರು ಆಸ್ಪತ್ರೆಯ ಕ್ಯಾನ್ಸರ್ ವೈದ್ಯರಿಗೆ ಕಳಿಸಿದರು, ವೈದ್ಯರು ಅದನ್ನು ರೋಗಿಗೇ ತೋರಿಸಿದರು. ಒಂದು ಗಂಟೆಯೊಳಗೆ ಇಷ್ಟೆಲ್ಲ ಆಗಿಹೋಯಿತು.

ರೋಗಿ ಚಿಕ್ಕಲಸಂದ್ರದವರು, ಅರವತ್ತು ದಾಟಿದ ಯಜಮಾನರು. ಈಗ ಅಪಾರ್ಟ್‌ಮೆಂಟು ಎದ್ದಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಒತ್ತಿಕೊಳ್ಳುತ್ತಿದ್ದ ಬಲಗೆನ್ನೆಯೊಳಗೇ ಹುಣ್ಣಾಗಿತ್ತು. ಆಪರೇಷನ್ ಆಯಿತು, ರೇಡಿಯೇಷನ್ ಆಯಿತು, ವರ್ಷ ತುಂಬುವುದರೊಳಗೆ ಗಡ್ಡೆ ಮತ್ತೆ ಬಂತು. ಮಾತು ನಿಂತು ಹೋಗಿದ್ದರಿಂದ ಎರಡು ಗೆರೆಯ ಕಾಪಿ ಪುಸ್ತಕವೊಂದರಲ್ಲಿ ಬರೆದು ತೋರಿಸುತ್ತಿದ್ದರು. ಊಟವೆಂದರೆ ಮೂಗಿನ ನಳಿಗೆಯಲ್ಲಿ ಇಳಿಸುವ ಗಂಜಿ. ಮತ್ತೆ ಕತ್ತರಿಸಲು ಜಾಗವಿರಲಿಲ್ಲ. ವೈದ್ಯರು ಕಡಿಮೆ ಡೋಸಿನ ಹಳೆಯ ಮಾತ್ರೆಗಳನ್ನು ಕೊಡುತ್ತಿದ್ದರು. ಅದರಿಂದ ಗಡ್ಡೆ ಕರಗಿರಲಿಲ್ಲ, ಆದರೆ ಮೂರು ತಿಂಗಳಿಂದ ಬೆಳೆದೂ ಇರಲಿಲ್ಲ. ನೋವು ತಡೆದುಕೊಳ್ಳುವಷ್ಟಿತ್ತು.

ಹೊಸ ಮಾತ್ರೆಯ ವಿಷಯ ಬಂದದ್ದು ಆಗ. ಕೋಶವೊಂದು ಎರಡಾಗಬೇಕಾದರೆ ಒಳಗಿನ ವರ್ಣತಂತುಗಳು ಸಮವಾಗಿ ಎರಡು ಕಡೆಗೆ ಸರಿಯಬೇಕು. ಆ ಕೆಲಸದ ಉಸ್ತುವಾರಿಗೆ ಕೆಲವು ಕಿಣ್ವಗಳಿವೆ. ಅರೋರಾ ಎಂಬುದು ಅವುಗಳಲ್ಲೊಂದು. ಬಾಯಿ, ಗಂಟಲಿನ ಕ್ಯಾನ್ಸರುಗಳಲ್ಲಿ ಅದು ಅನೇಕ ಸಲ ಮಿತಿಮೀರಿ ಇರುತ್ತದೆ. ಅದರ ಕೈ ಕಟ್ಟಿಹಾಕಿದರೆ ಕೋಶ ಒಡೆಯುವ ಮಧ್ಯದಲ್ಲೇ ಸಿಕ್ಕಿಕೊಂಡು ಸಾಯಬೇಕು. ಹಾಗೆ ಕಟ್ಟಿಹಾಕುವ ಮಾತ್ರೆ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಇವರೊಬ್ಬರಿಗಾಗಿ ವಿಶೇಷ ಅನುಮತಿ ಕೇಳಿ ವೈದ್ಯರು ತಿಂಗಳುಗಟ್ಟಲೆ ಕಾಗದಪತ್ರ ಓಡಾಡಿಸಿದ್ದರು. ಅವರ ಗಡ್ಡೆಯ ಚೂರೊಂದು ಜೆ.ಪಿ. ನಗರದ ನಮ್ಮ ಲ್ಯಾಬಿಗೆ ಬಂತು. ಅದರ ಕೋಶಗಳನ್ನು ಬಿಡಿಸಿ, ಬೆಳೆಸಿ, ತಟ್ಟೆಗೆ ಹಾಕಿ ಔಷಧ ಕೊಡಲು ಐದು ವಾರ ಹಿಡಿಯಿತು.

ಒಂದು ಷರತ್ತು ಇತ್ತು. ಹೊಸ ಮಾತ್ರೆ ಶುರು ಮಾಡುವ ಮೊದಲು ಹಳೆಯದನ್ನು ಹದಿನಾಲ್ಕು ದಿನ ನಿಲ್ಲಿಸಿರಬೇಕು, ಎರಡೂ ಒಟ್ಟಿಗೆ ರಕ್ತಕಣಗಳನ್ನು ಇಳಿಸಿಬಿಡುತ್ತವೆ. ಆ ಹದಿನಾಲ್ಕು ದಿನ ಗಡ್ಡೆಗೆ ಯಾವ ತಡೆಯೂ ಇಲ್ಲ. ಹಾಗಾಗಿ ನಮ್ಮ ವರದಿಯಿಂದ ವೈದ್ಯರಿಗೆ ಬೇಕಾಗಿದ್ದದ್ದು ಒಂದೇ ಉತ್ತರ: ತಕ್ಕಮಟ್ಟಿಗೆ ಹಿಡಿದಿಟ್ಟಿರುವ ಮಾತ್ರೆಯನ್ನು ಧೈರ್ಯವಾಗಿ ಬಿಡಿಸಬಹುದೇ? ನನ್ನ ಫೋಟೋ ಬಿಡಿಸಬಹುದು ಎಂದಿತು. ಒಂದು ಸೋಮವಾರ ಹಳೆಯ ಮಾತ್ರೆ ನಿಂತಿತು.

ನನ್ನ ಕೈಯ ಬಗ್ಗೆ ಇಲ್ಲಿ ಹೇಳಲೇಬೇಕು. ಈ ಲ್ಯಾಬಿಗೆ ಸೇರುವ ಮುಂಚೆ ಜಯನಗರದ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ದಿನಕ್ಕೆ ಇಪ್ಪತ್ತು ತಟ್ಟೆ ತೊಳೆಯುತ್ತಿದ್ದವಳು ನಾನು. ಅಲ್ಲಿ ತೊಳೆಯುವ ಪದ್ಧತಿಯೇ ಬೇರೆ. ತಟ್ಟೆಯನ್ನು ಸಿಂಕಿನ ಮೇಲೆ ಬೋರಲು ಮಾಡಿ ಮಣಿಕಟ್ಟಿನಿಂದ ಒಂದು ಸಲ ಬೀಸಬೇಕು, ಆಮೇಲೆ ಟಿಶ್ಯೂ ಕಾಗದದ ಮೇಲೆ ಪಟಪಟ ತಟ್ಟಬೇಕು. ಒಂದು ಹನಿ ಉಳಿಯಬಾರದು. ಅಲ್ಲಿ ಗುಳಿಯ ತಳಕ್ಕೆ ಅಂಟಿಕೊಂಡಿರುವುದು ಪ್ರೋಟೀನು, ಎಷ್ಟು ತಟ್ಟಿದರೂ ಏಳುವುದಿಲ್ಲ. ಜೀವಂತ ಕೋಶಗಳಿರುವ ತಟ್ಟೆಗೆ ಹಾಗೆ ಮಾಡುವಂತಿಲ್ಲ. ಪಿಪೆಟ್ಟಿನಿಂದ ಗುಳಿಯ ಅಂಚಿನಲ್ಲಿ ನಿಧಾನವಾಗಿ ದ್ರವ ಎಳೆದು, ನಿಧಾನವಾಗಿ ಉಪ್ಪುನೀರು ಬಿಡಬೇಕು ಎಂದು ನಮ್ಮ ಲ್ಯಾಬಿನ ಫೈಲಿನಲ್ಲಿ ಬರೆದಿತ್ತು. ನಾನು ಓದಿದ್ದೆ. ಒಂದು ವಾರ ಹಾಗೇ ಮಾಡಿ ಬೇಸರಪಟ್ಟು ನನ್ನ ಹಳೆಯ ಕೈಯನ್ನೇ ಶುರು ಮಾಡಿದೆ. ಫಲಿತಾಂಶ ಎಷ್ಟು ಒಪ್ಪವಾಗಿ ಬಂತೆಂದರೆ, ಗುಳಿಗೂ ಗುಳಿಗೂ ವ್ಯತ್ಯಾಸವೇ ಇರುತ್ತಿರಲಿಲ್ಲ. ಮುಖ್ಯಸ್ಥರು ಮೀಟಿಂಗಿನಲ್ಲಿ ನನ್ನ ಗ್ರಾಫು ತೋರಿಸಿ, "ನೋಡ್ರಪ್ಪಾ, ಡೇಟಾ ಅಂದ್ರೆ ಹಿಂಗಿರ್ಬೇಕು," ಎಂದಿದ್ದರು. ನಾನು ಹಿಗ್ಗಿದ್ದೆ. ಡಾಕ್ಟರೇಟು ಮಾಡಿದವರ ನಡುವೆ ಡಿಪ್ಲೊಮಾದವಳಿಗೆ ಆ ಹಿಗ್ಗು ಬೇಕಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹಳೆಯ ಮಾತ್ರೆ ನಿಲ್ಲಿಸಿ ಹನ್ನೊಂದನೆಯ ದಿನ, ಗುರುವಾರ ಬೆಳಿಗ್ಗೆ, ಅದೇ ರೋಗಿಯ ಕೋಶಗಳ ಇನ್ನೊಂದು ತಟ್ಟೆ ಸಿದ್ಧವಾಗಿತ್ತು. ಮುಖ್ಯಸ್ಥರು ಪ್ರಬಂಧಕ್ಕೆಂದು ಸೂಕ್ಷ್ಮದರ್ಶಕದ ಚಿತ್ರಗಳನ್ನು ಕೇಳಿದ್ದರು. ತೊಳೆಯುವ ಮೊದಲು ಒಂದು, ತೊಳೆದ ಮೇಲೆ ಒಂದು. ಎರಡು ವರ್ಷದಲ್ಲಿ ಔಷಧ ಕೊಟ್ಟ ತಟ್ಟೆಯನ್ನು ತೊಳೆಯುವ ಮೊದಲು ಸೂಕ್ಷ್ಮದರ್ಶಕದಡಿ ಇಟ್ಟವಳಲ್ಲ ನಾನು. ಇನ್ಕ್ಯುಬೇಟರಿನಿಂದ ನೇರ ಸಿಂಕಿಗೆ, ಅದೇ ನನ್ನ ದಾರಿ.

ಔಷಧ ಹೆಚ್ಚಿದ್ದ ಗುಳಿಯನ್ನು ನೋಡಿದೆ. ಖಾಲಿ ಇರಬೇಕಿತ್ತು. ತುಂಬಿ ಕೂತಿತ್ತು. ಸಾಧಾರಣವಾಗಿ ಈ ಕೋಶಗಳು ತಳಕ್ಕೆ ಚಪ್ಪಟೆಯಾಗಿ ಒರಗಿಕೊಂಡಿರುತ್ತವೆ. ಇಲ್ಲಿ ಎಲ್ಲವೂ ಬೆಂದ ಸಬ್ಬಕ್ಕಿಯಂತೆ ದುಂಡಗೆ, ಹೊಳೆಯುತ್ತಾ ಇದ್ದವು. ಸತ್ತ ಕೋಶಗಳೂ ದುಂಡಾಗುತ್ತವೆ, ಸರಿ. ಆದರೆ ಸತ್ತವುಗಳ ಅಂಚು ಹರಿದಿರುತ್ತದೆ, ಮೈಮೇಲೆ ಗುಳ್ಳೆಗಳಿರುತ್ತವೆ, ಸುತ್ತ ಕಸ ತೇಲುತ್ತಿರುತ್ತದೆ. ಇವುಗಳ ಅಂಚು ನುಣುಪಾಗಿತ್ತು. ಫೋಟೋ ತೆಗೆದೆ. ಅಭ್ಯಾಸದಂತೆ ಸಿಂಕಿನ ಮೇಲೆ ಬೀಸಿದೆ, ತಟ್ಟಿದೆ, ಮತ್ತೆ ನೋಡಿದೆ. ನೆಲ ಗುಡಿಸಿದಂತೆ ಖಾಲಿ.

ಮೊದಲು ಬಂದದ್ದು ಸಿಟ್ಟು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಆಮೇಲೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತೆ. ವಿಭಜನೆಗೆ ಹೊರಟ ಕೋಶ ತನ್ನ ಕಾಲುಗಳನ್ನೆಲ್ಲ ಒಳಗೆಳೆದುಕೊಂಡು ದುಂಡಾಗುತ್ತದೆ, ಆಗ ಅದು ತಳಕ್ಕೆ ಅಂಟಿಯೂ ಅಂಟದ ಹಾಗಿರುತ್ತದೆ. ಇದು ಪಾಠದಲ್ಲಿರುವ ಸಂಗತಿ. ನಮ್ಮ ಔಷಧದ ಕೆಲಸವೇ ಕೋಶಗಳನ್ನು ಆ ಸ್ಥಿತಿಯಲ್ಲಿ ನಿಲ್ಲಿಸುವುದು. ಹಾಗೆ ನಿಂತವುಗಳನ್ನೆಲ್ಲ ನಾನು ಎರಡು ವರ್ಷದಿಂದ ಸಿಂಕಿಗೆ ಬೀಸಿ, ಸತ್ತವು ಎಂದು ಬರೆಯುತ್ತಿದ್ದೆ. ಔಷಧ ಹೆಚ್ಚು ಕೊಟ್ಟಷ್ಟೂ ಹೆಚ್ಚು ಕೋಶ ದುಂಡಾಗುತ್ತಿದ್ದವು, ಹೆಚ್ಚು ಸಿಂಕಿಗೆ ಹೋಗುತ್ತಿದ್ದವು. ಗ್ರಾಫು ಒಪ್ಪವಾಗಿ ಬರದೆ ಇನ್ನೇನು.

ಅದೇ ಕೋಶಗಳ, ಅದೇ ಔಷಧದ ಇನ್ನೊಂದು ತಟ್ಟೆ ಉಳಿದಿತ್ತು. ಅದನ್ನು ತೊಳೆದ ನೀರನ್ನು ಈ ಸಲ ಚೆಲ್ಲಲಿಲ್ಲ. ಟ್ಯೂಬಿನಲ್ಲಿ ಹಿಡಿದು, ಯಂತ್ರದಲ್ಲಿ ಗರಗರ ತಿರುಗಿಸಿ, ತಳಕ್ಕೆ ಕೂತದ್ದಕ್ಕೆ ನೀಲಿ ಬಣ್ಣ ಹಾಕಿದೆ. ಸತ್ತ ಕೋಶ ನೀಲಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಬದುಕಿರುವುದು ಬಿಡುವುದಿಲ್ಲ. ಎಣಿಸುವ ಗಾಜಿನ ಮೇಲೆ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ. ಉಳಿದವೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಮಿಕ್ಕಿದ್ದನ್ನು ಔಷಧವಿಲ್ಲದ ಹೊಸ ಫ್ಲಾಸ್ಕಿಗೆ ಸುರಿದು ಇನ್ಕ್ಯುಬೇಟರಿನಲ್ಲಿಟ್ಟೆ. ಅವು ಮತ್ತೆ ತಳ ಹಿಡಿದು ಒಡೆಯತೊಡಗಿದರೆ, ಔಷಧ ಅವನ್ನು ನಿಲ್ಲಿಸಿತ್ತೇ ಹೊರತು ಕೊಂದಿರಲಿಲ್ಲ ಎಂದು ಖಾತ್ರಿ.

ಮುಖ್ಯಸ್ಥರ ಕೋಣೆಗೆ ಹೋಗಿ ಎರಡು ಚಿತ್ರ ತೋರಿಸಿದೆ, ಫ್ಲಾಸ್ಕಿನ ವಿಷಯ ಹೇಳಿದೆ. ಅವರಿಗೆ ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಟ್ಟೆನ ಬೀಸಿ ತೊಳೀತಿದ್ರಾ?"

"ಹೌದು ಸಾರ್."

"ಶುರುವಿನಿಂದ್ಲೂ?"

"ಮೊದಲ್ನೇ ವಾರ ಬಿಟ್ರೆ ಶುರುವಿನಿಂದ್ಲೂ."

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆನೇನೋ. ಕನ್ನಡಕ ಮತ್ತೆ ಹಾಕಿಕೊಂಡು, "ಫ್ಲಾಸ್ಕ್ ಏನಾಗತ್ತೆ ನೋಡೋಣ. ಇನ್ನೊಂದ್ಸಲ ಸರಿಯಾಗಿ ತೊಳ್ದು ರಿಪೀಟ್ ಮಾಡಿ. ಆಮೇಲೆ ಆಸ್ಪತ್ರೆಗೆ ನಾನೇ ಮಾತಾಡ್ತೀನಿ. ಅರ್ಧಂಬರ್ಧ ವಿಷ್ಯ ಇಟ್ಕೊಂಡು ಹೋಗ್ಬಾರ್ದು," ಎಂದರು.

"ರಿಪೀಟ್‌ಗೆ ಆರು ದಿನ ಬೇಕು ಸಾರ್. ಸೋಮವಾರ ಅವರಿಗೆ ಮಾತ್ರೆ ಶುರು."

"ಗೊತ್ತು. ಆದ್ರೆ ಈಗ ನಿಮ್ಮ ಹತ್ರ ಇರೋದು ಒಂದೇ ಒಂದು ಸಲದ ರಿಸಲ್ಟು. ಇದೂ ತಪ್ಪಾಗಿದ್ರೆ? ಒಳ್ಳೆ ಔಷಧಿನ ಸುಮ್ನೆ ತಪ್ಪಿಸಿದ ಹಾಗಾಗಲ್ವಾ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಒಂದೇ ಸಲದ ಫಲಿತಾಂಶವನ್ನು ನಂಬಬಾರದು ಎಂದು ನಮಗೆಲ್ಲ ಕಲಿಸಿದವರೇ ಅವರು. ಕೆಳಗಿಳಿದು ಬೇಕರಿಯ ಮುಂದೆ ನಿಂತು ಕಾಫಿ ಕುಡಿದೆ. ಸರಿಯಾದ ಪದ್ಧತಿ ಹಿಡಿದು ಕೂತರೆ ಆ ಮನುಷ್ಯ ಸೋಮವಾರ ನನ್ನ ಕೈಯ ತಪ್ಪನ್ನು ನುಂಗುತ್ತಾರೆ. ಈಗಲೇ ಹೇಳಿದರೆ, ನಾನು ಇನ್ನೊಮ್ಮೆ ತಪ್ಪಿರುವ ಸಾಧ್ಯತೆಯೂ ಇದೆ. ಅಲ್ಲಿಗೆ ಯೋಚನೆ ನಿಲ್ಲಿಸಿದೆ. ಮೇಲೆ ಹೋಗಿ, "ಸಾರ್, ನಾನು ಈಗ್ಲೇ ಹೋಗ್ತೀನಿ. ನೀವು ಬೇಡ ಅಂದ್ರೂ ಹೋಗ್ತೀನಿ," ಎಂದೆ. ಅವರು ನನ್ನ ಮುಖ ನೋಡಿದರು. "ಫೋಟೋ ಪ್ರಿಂಟ್ ತಗೊಂಡ್ಹೋಗಿ. ಫೋನಲ್ಲಿ ತೋರಿಸ್ಬೇಡಿ," ಎಂದಷ್ಟೇ ಹೇಳಿದರು.

ಆಸ್ಪತ್ರೆ ಬನಶಂಕರಿಯ ಕಡೆ. ಆಟೋದಲ್ಲಿ ಅರ್ಧ ಗಂಟೆಯ ದಾರಿ ಅಂದು ಒಂದೂಕಾಲು ಗಂಟೆಯಾಯಿತು. ವೈದ್ಯರು ಹೊರರೋಗಿಗಳನ್ನು ಮುಗಿಸುವವರೆಗೆ ಬೆಂಚಿನ ಮೇಲೆ ಕೂತಿದ್ದೆ. ಅಕ್ಕಪಕ್ಕದಲ್ಲಿ ಬಾಯಿಗೆ ಟವೆಲು ಹಿಡಿದವರು, ಕುತ್ತಿಗೆಯಲ್ಲಿ ತೂತಿದ್ದವರು. ನಮ್ಮ ಲ್ಯಾಬಿನಲ್ಲಿ ಇವರೆಲ್ಲ ಬರೀ ನಂಬರುಗಳು. ಒಳಗೆ ಕರೆದರು. ನಿಂತುಕೊಂಡೇ ಹೇಳಿದೆ.

"ರಿಪೀಟ್ ಆಗಿದ್ಯಾ?" ಎಂದು ಕೇಳಿದರು.

"ಇಲ್ಲ ಸಾರ್."

"ಮತ್ತೆ ಏನ್ ನಂಬ್ಕೊಂಡು ಬಂದ್ರಿ?"

"ಬದುಕಿರೋ ಸೆಲ್ಸ್ ಕಣ್ಣಾರೆ ನೋಡಿ ಬಂದೆ. ತಪ್ಪು ನನ್ನದೇ. ಬೇರೆ ಯಾರದ್ದೂ ಅಲ್ಲ."

ಅವರು ಪ್ರಿಂಟನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಆ ನೇರಳೆ ಫೋಟೋನ ಅವರಿಗೆ ತೋರ್ಸಿದ್ದು ನಾನು. 'ನೋಡಿ ಗೌಡ್ರೇ, ನಿಮ್ಮ ಗಡ್ಡೆ ಇದಕ್ಕೆ ಬಗ್ಗತ್ತೆ' ಅಂದಿದ್ದೆ. ಅವರು ಹಳೇ ಮಾತ್ರೆ ಬಿಡಕ್ಕೆ ಒಪ್ಪಿರ್ಲಿಲ್ಲ ಗೊತ್ತಾ? ಆ ಫೋಟೋ ನೋಡಿದ್ಮೇಲೆ ಒಪ್ಪಿದ್ದು." ನರ್ಸನ್ನು ಕರೆದು, ಹಳೆಯ ಮಾತ್ರೆಯನ್ನು ಅಂದಿನಿಂದಲೇ ಮತ್ತೆ ಶುರು ಮಾಡುವಂತೆ ಆ ಮನೆಗೆ ಫೋನು ಮಾಡಿಸಿದರು. ಕಾರಣ ಏನೆಂದು ಹೇಳಬೇಡಿ, ನಾಳೆ ಡ್ರೆಸ್ಸಿಂಗಿಗೆ ಬಂದಾಗ ಹೇಳೋಣ ಎಂದರು.

"ನಾಳೆ ನಾನೂ ಬರ್ತೀನಿ ಸಾರ್," ಎಂದೆ. ಅವರು ಬೇಡ ಎನ್ನಲಿಲ್ಲ.

ಶುಕ್ರವಾರ ಡ್ರೆಸ್ಸಿಂಗ್ ಕೋಣೆಯಲ್ಲಿ ಅವರನ್ನು ಮೊದಲ ಸಲ ನೋಡಿದೆ. ನಾನು ಐದು ವಾರ ಸಾಕಿದ ಕೋಶಗಳ ಒಡೆಯರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದರು. ಪಟ್ಟಿ ಬಿಚ್ಚಿದಾಗ ಹುಣ್ಣು ಕೆನ್ನೆಯ ಹೊರಗೂ ಬಾಯಿ ತೆರೆದಿತ್ತು. ಆಸ್ಪತ್ರೆಯ ಫೈಲಿನಲ್ಲಿದ್ದ ಎರಡು ವಾರದ ಹಿಂದಿನ ಫೋಟೋದಲ್ಲಿ ಅಲ್ಲಿ ಚರ್ಮವಿತ್ತು. ವಾಸನೆಗೆ ಅವರ ಹೆಂಡತಿ ಮೂಗಿಗೆ ಸೆರಗು ಹಿಡಿಯಲಿಲ್ಲ, ನಾನು ಮುಖ ತಿರುಗಿಸದೆ ನಿಲ್ಲಲು ಕಷ್ಟಪಟ್ಟೆ. ವೈದ್ಯರು ಎರಡು ಮಾತು ಹೇಳಿ ನನ್ನ ಕಡೆ ನೋಡಿದರು. ಗುಳಿ, ತಟ್ಟೆ, ಬೀಸುವುದು, ಸಿಂಕು, ಎಲ್ಲವನ್ನೂ ಹೇಳಿದೆ. ಪಾತ್ರೆ ತೊಳೆಯುವಾಗ ತಳದ ಅಗುಳು ನೀರಿನ ಜೊತೆ ಹೋದ ಹಾಗೆ ಎಂದೆ.

ಹೆಂಡತಿಗೆ ಮೊದಲು ಅರ್ಥವಾಗಲಿಲ್ಲ. "ಅಂದ್ರೆ ಸೋಮವಾರದ್ದು ಮಾತ್ರೆ ಇಲ್ವಾ ಮೇಡಂ?"

"ಇಲ್ಲಮ್ಮ. ಅದು ಇವರಿಗೆ ಕೆಲ್ಸ ಮಾಡಲ್ಲ ಅನ್ಸತ್ತೆ. ನಾನು ಮಾಡತ್ತೆ ಅಂತ ತಪ್ಪಾಗಿ ಹೇಳ್ಬಿಟ್ಟೆ."

"ಹನ್ನೊಂದು ದಿನ ಸುಮ್ನೆ ಬಿಟ್ವಲ್ಲ ಮೇಡಂ," ಎಂದರು ಆಕೆ. ದನಿ ಏರಲಿಲ್ಲ. "ನಮ್ಮತ್ರ ಇದ್ದಿದ್ದಾದ್ರೂ ಎಷ್ಟು ದಿನ?"

ಯಜಮಾನರು ಪುಸ್ತಕ ತೆಗೆದುಕೊಂಡು ಬರೆದರು. ನನಗೇ ಹಿಡಿದರು. ಬೈಗುಳ ಇರುತ್ತದೆ ಎಂದುಕೊಂಡಿದ್ದೆ, ಇದ್ದಿದ್ದರೆ ಒಳ್ಳೆಯದಿತ್ತು. 'ಬೇರೆಯವರದ್ದೂ ಹೀಗೇ ತೊಳೆದಿದ್ದೀರಾ?' ಎಂದು ದುಂಡಗಿನ ಅಕ್ಷರದಲ್ಲಿ ಕೇಳಿದ್ದರು. ಹೌದು ಎಂದೆ. ಅವರು ಇನ್ನೊಂದು ಸಾಲು ಬರೆದರು: 'ಅವರಿಗೂ ಹೋಗಿ ಹೇಳಿ.' ಪುಸ್ತಕ ಮುಚ್ಚಿ ಪಟ್ಟಿ ಕಟ್ಟಿಸಿಕೊಳ್ಳಲು ಮುಖ ಮೇಲೆತ್ತಿದರು.

ಶನಿವಾರ ಫ್ಲಾಸ್ಕು ನೋಡಿದೆ. ದುಂಡಗಿದ್ದವು ಬಹುಪಾಲು ತಳ ಹಿಡಿದು ಚಪ್ಪಟೆಯಾಗಿದ್ದವು. ಕೆಲವು ದೊಡ್ಡದಾಗಿ ಊದಿ ಎರಡೆರಡು ಕೋಶಕೇಂದ್ರ ಇಟ್ಟುಕೊಂಡಿದ್ದವು, ಕೆಲವು ಆಗಲೇ ಎರಡಾಗಿದ್ದವು. ನಾನು ಹೇಳಿದ್ದು ಸರಿ ಎಂದು ಸಾಬೀತಾಯಿತು. ಅದಕ್ಕೆ ಸಂತೋಷಪಡಲು ಆಗಲಿಲ್ಲ. ಬುಧವಾರದ ರಿಪೀಟೂ ಅದನ್ನೇ ಹೇಳಿತು. ಮುಖ್ಯಸ್ಥರು ಪ್ರಬಂಧವನ್ನು ನಿಲ್ಲಿಸಿದರು. ನಮ್ಮ ಫಲಿತಾಂಶ ಹೋಗಿದ್ದ ಪ್ರತಿಯೊಬ್ಬರಿಗೂ ಪತ್ರ ಬರೆದೆವು. ಕರಡು ನಾನೇ ಬರೆದೆ, ತಪ್ಪು ಯಾವ ಕೈಯಿಂದ ಆಯಿತೆಂಬುದನ್ನೂ ಸೇರಿಸಿ. ಬೇರೆ ಯಾವ ರೋಗಿಗೂ ಇದರ ಆಧಾರದ ಮೇಲೆ ಮಾತ್ರೆ ಹೋಗಿರಲಿಲ್ಲ. ಎರಡು ವರ್ಷದ ಕೆಲಸವನ್ನು ಒಂದೊಂದೇ ತಟ್ಟೆಯಾಗಿ, ಪಿಪೆಟ್ಟಿನಲ್ಲಿ, ನಿಧಾನವಾಗಿ ಮತ್ತೆ ಮಾಡಲು ಕೂತೆ.

ಹಳೆಯ ಮಾತ್ರೆ ಎರಡನೆಯ ಸಲಕ್ಕೆ ಹಿಡಿಯಲಿಲ್ಲ. ಎರಡು ತಿಂಗಳಾಗುವುದರೊಳಗೆ ಯಜಮಾನರು ತೀರಿಕೊಂಡರು. ವೈದ್ಯರು ಫೋನಿನಲ್ಲಿ, "ನಿಲ್ಲಿಸ್ದೇ ಇದ್ದಿದ್ರೂ ಹೆಚ್ಚು ದಿನ ಬರ್ತಿರ್ಲಿಲ್ಲವೇನೋ, ಯಾರಿಗ್ ಗೊತ್ತು," ಎಂದರು. ಅದು ನಿಜವಿರಬಹುದು. ನನಗೆ ಅದರಿಂದ ಸಮಾಧಾನವಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಕಾರ್ಯವೆಲ್ಲ ಮುಗಿದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವರ ಹೆಂಡತಿ ನಮ್ಮ ಮೂರನೆಯ ಮಹಡಿ ಹತ್ತಿ ಬಂದರು. ಆಸ್ಪತ್ರೆಯಲ್ಲಿ ವಿಳಾಸ ಕೇಳಿಕೊಂಡು ಬಂದಿದ್ದರು. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ಅವರದ್ದು ಇನ್ನೂ ಇದ್ಯಾ ಮೇಡಂ ನಿಮ್ಮತ್ರ? ನೋಡ್ಬೇಕು."

ನಿಯಮದ ಪ್ರಕಾರ ನಾನು ಮುಖ್ಯಸ್ಥರನ್ನು ಕೇಳಬೇಕಿತ್ತು. ಕೇಳಲಿಲ್ಲ. ಕೋಟು ಹಾಕಿಸಿ, ಕೈಗವಸು ತೊಡಿಸಿ ಒಳಗೆ ಕರೆದುಕೊಂಡು ಹೋದೆ. ಅವರ ಕೋಶಗಳಿದ್ದ ಫ್ಲಾಸ್ಕನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಹೇಗೆ ನೋಡಬೇಕೆಂದು ಹೇಳಿದೆ. ಆಕೆ ಒಂದು ಕಣ್ಣು ಮುಚ್ಚಿ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಇವು ಬದ್ಕಿವ್ಯಾ?"

"ಹೂಂ ಅಮ್ಮ."

"ಅವರು ಹೋಗಿ ನಲವತ್ತು ದಿನ ಆಯ್ತು." ತಲೆ ಎತ್ತಿದರು. "ಇವಕ್ಕೆ ಊಟ ಯಾರು ಹಾಕೋದು?"

"ನಾನೇ."

"ಸಾಯ್ಸಿ. ನನ್ನ ಕಣ್ಣೆದುರಿಗೇ ಸಾಯ್ಸಿ."

ಆ ಫ್ಲಾಸ್ಕಿನಿಂದ ಮರುದಿನ ನಾಲ್ಕು ತಟ್ಟೆ ಹಾಕುವುದಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಮುಖವಿರಲಿಲ್ಲ. ಬ್ಲೀಚಿನ ಬಾಟಲಿ ತಂದು ಫ್ಲಾಸ್ಕಿನೊಳಗೆ ಸುರಿದೆ. ಕೋಶಗಳಿಗೆ ಊಟವಾಗಿದ್ದ ಗುಲಾಬಿ ದ್ರಾವಣ ಬಣ್ಣ ಕೆಟ್ಟು ಬಿಳಿಚಿಕೊಂಡಿತು. ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟೆ, ಆಕೆ ಮತ್ತೆ ಬಗ್ಗಿ ನೋಡಿದರು. ಅಲ್ಲಿ ಚಿಂದಿಯಷ್ಟೇ ಇತ್ತು. ಆಕೆಯ ಹೆಗಲು ಇಳಿಯಿತು. ಅಲ್ಲಿಗೇ ಸುಮ್ಮನಿದ್ದಿದ್ದರೆ ಆಕೆ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು. ಆದರೆ ಆ ಮನೆಯವರಿಗೆ ಎಲ್ಲ ಸತ್ತವು ಎಂದು ನಾನು ಒಮ್ಮೆ ಹೇಳಿಯಾಗಿತ್ತು.

"ಅಮ್ಮ, ಇದೊಂದೇ ಅಲ್ಲ. ಇನ್ನೂ ಆರು ಟ್ಯೂಬು ಒಳಗೆ ಹೆಪ್ಪುಗಟ್ಟಿಸಿ ಇಟ್ಟಿದೀವಿ. ಅವೂ ಬದುಕೇ ಇವೆ. ನೀವು ಹೇಳಿದ್ರೆ ಅವಕ್ಕೂ ಹಾಕ್ತೀನಿ."

ಆಕೆ ಕೈಗವಸು ಬಿಚ್ಚುತ್ತಿದ್ದವರು ನಿಂತರು. ಬೈಯುತ್ತಾರೆ ಎಂದುಕೊಂಡೆ. ಗವಸುಗಳನ್ನು ಒಂದರ ಮೇಲೊಂದು ಮಡಿಸಿ ಮೇಜಿನ ಮೇಲಿಟ್ಟರು.

"ಬ್ಲೀಚಿಂಗ್ ಹಾಕಿ ಸಾಯ್ಸೋದು ನಾನೂ ಮಾಡ್ತೀನಿ, ಬಚ್ಚಲಲ್ಲಿ," ಎಂದರು. "ಅವು ಇರ್ಲಿ. ಮನುಷ್ಯರು ಕುಡಿಯೋ ಔಷ್ದಿಲಿ ಅವು ಸತ್ತ ದಿನ ನಂಗೆ ಫೋನ್ ಮಾಡಿ. ಬಂದು ನೋಡ್ತೀನಿ. ನಿಜವಾಗ್ಲೂ ಸತ್ತಾಗ ಮಾತ್ರ ಮಾಡಿ ಮೇಡಂ."

ನಂಬರು ಹೇಳಿದರು, ನಾನು ಬರೆದುಕೊಂಡದ್ದನ್ನು ಒಂದು ಸಲ ಓದಿಸಿ ಸರಿಯಿದೆಯೇ ಎಂದು ಖಾತ್ರಿ ಮಾಡಿಕೊಂಡು ಮೆಟ್ಟಿಲಿಳಿದು ಹೋದರು. ಆಮೇಲೆ ಆ ಕೋಶಗಳ ಮೇಲೆ ಹನ್ನೆರಡು ಔಷಧ ಹಾಕಿ ನೋಡಿದ್ದೇನೆ. ಇದುವರೆಗೆ ಫೋನು ಮಾಡುವ ಸಂದರ್ಭ ಬಂದಿಲ್ಲ.